ಸೇನಾನಿಯ ಲೆಕ್ಕ, ಮಂತ್ರಿಯ ಕಿವಿ

ಬ್ರಿಗೇಡಿಯರ್ ಜಾನ್ ಪರಶುರಾಮ ದಳವಿಯವರ ‘ಹಿಮಾಲಯನ್ ಬ್ಲಂಡರ್’ ಇಂಗ್ಲಿಷಿನಲ್ಲಿ ಹೊರಬಂದದ್ದು 1969ರಲ್ಲಿ. ರವಿ ಬೆಳಗೆರೆಯವರು ಅದನ್ನು ಕನ್ನಡಕ್ಕೆ ತಂದ ಮೇಲೆ ನಮ್ಮಲ್ಲಿ ಅದಕ್ಕೆ ದೊರೆತ ವಾಚಕವರ್ಗ ಸಾಮಾನ್ಯವಾದುದಲ್ಲ. ಯುದ್ಧದ ಗ್ರಂಥವೆಂದರೆ ಮೂಗು ಮುರಿಯುವ ಮನೆಗಳಲ್ಲಿಯೂ ಅದು ಭಗವದ್ಗೀತೆಯ ಪಕ್ಕದಲ್ಲಿ ನಿಂತಿರುವುದನ್ನು ಬಸವನಗುಡಿಯಲ್ಲಿ ಕಂಡಿದ್ದೇನೆ. ಬೆಳಗೆರೆಯವರ ಕನ್ನಡಕ್ಕೆ ವೇಗವಿದೆ, ಬಿಸಿಯಿದೆ. ಹಿಡಿದ ಪುಸ್ತಕವನ್ನು ಕೆಳಗಿಡಲು ಬಿಡದು. ಅನುವಾದದ ಗುಣದೋಷ ಇಲ್ಲಿ ನನ್ನ ವಿಷಯವಲ್ಲ. ನನ್ನ ತಕರಾರು ಇರುವುದು ನಾವು ಅದನ್ನು ಓದಿಕೊಂಡಿರುವ ರೀತಿಯ ಮೇಲೆ.

ಚಾಮರಾಜಪೇಟೆಯ ಗೆಳೆಯರೊಬ್ಬರ ಮನೆಯಲ್ಲಿ ತಿಂಗಳಿಗೊಮ್ಮೆ ಕೂಡುವ ಓದುಗರ ಕೂಟವೊಂದುಂಟು. ಈ ಪುಸ್ತಕದ ಮೇಲೆ ಮಾತು ಬಂದ ದಿನ ಎಲ್ಲರೂ ಆಡಿದ್ದು ಮೂರು ಹೆಸರುಗಳನ್ನು: ನೆಹರೂ, ಕೃಷ್ಣ ಮೆನನ್, ಜನರಲ್ ಕೌಲ್. ಒಬ್ಬರು ಕನಸುಗಾರರು, ಇನ್ನೊಬ್ಬರು ಅಹಂಕಾರಿ, ಮೂರನೆಯವರು ದರ್ಬಾರಿ. ಇವರ ನಡುವೆ ಸಿಕ್ಕಿ ಬಡ ಸಿಪಾಯಿ ಸತ್ತ. ಕಥೆ ಅಷ್ಟಕ್ಕೆ ಮುಗಿಯಿತು, ಕಾಫಿ ಬಂದಿತು. ಖಳರನ್ನು ಗುರುತಿಸಿದ ಮೇಲೆ ಮನಸ್ಸು ಹಗುರವಾಗುವುದು ಸಹಜವೇ. ಆದರೆ ಹಾಗೆ ಹಗುರವಾಗುವುದಕ್ಕೆ ದಳವಿಯವರ ಪುಸ್ತಕವೇ ಬೇಕಾಗಿರಲಿಲ್ಲ. ಒಂದು ಒಳ್ಳೆಯ ಕಂಪನಿ ನಾಟಕ ಸಾಕಾಗಿತ್ತು.

ಪುಸ್ತಕದ ಹೆಸರು ಗಾಂಧೀಜಿಯವರ ಆತ್ಮಕಥೆಯನ್ನು ನೆನಪಿಗೆ ತರುತ್ತದೆ. ಜನ ಸಿದ್ಧರಾಗುವ ಮೊದಲೇ ಅವರನ್ನು ಕಾನೂನುಭಂಗಕ್ಕೆ ಕರೆದದ್ದು ಹಿಮಾಲಯದಷ್ಟು ದೊಡ್ಡ ತಪ್ಪೆಣಿಕೆಯಾಯಿತೆಂದು ಅವರು ತಮ್ಮ ಮೇಲೆಯೇ ಆ ಮಾತನ್ನು ಹೊರಿಸಿಕೊಂಡಿದ್ದರು. ದಳವಿಯವರು ಅದನ್ನು ಇತರರ ಮೇಲೆ ಹೊರಿಸುತ್ತಾರೆ. ಹೊರಿಸುವ ಹಕ್ಕು ಅವರಿಗೆ ಇಲ್ಲವೆಂದು ಹೇಳುವ ಧೈರ್ಯ ಯಾರಿಗೂ ಬರಲಾರದು. 1962ರ ಅಕ್ಟೋಬರ್ 20ರ ಬೆಳಗ್ಗೆ ನಮ್ಕಾ ಚು ಹೊಳೆಯ ದಂಡೆಯಲ್ಲಿ ಅವರ 7ನೆಯ ಬ್ರಿಗೇಡು ಕೆಲವೇ ಗಂಟೆಗಳಲ್ಲಿ ಚೂರಾಯಿತು. ಎರಡು ದಿನಗಳ ಮೇಲೆ ಅವರು ಸೆರೆ ಸಿಕ್ಕರು. 1963ರ ಮೇ ತಿಂಗಳವರೆಗೆ ಚೀನೀಯರ ಬಂದಿಯಾಗಿದ್ದರು. ಇಷ್ಟನ್ನು ಅನುಭವಿಸಿದವನ ಸಿಟ್ಟನ್ನು ತೂಗಲು ನಾವು ಯಾರು? ಆದರೂ ವಿಮರ್ಶಕನಾದವನು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಪುಸ್ತಕದ ಬಲ ಸಿಟ್ಟಿನಲ್ಲಿದೆಯೋ, ಬೇರೆಲ್ಲಿಯಾದರೂ ಇದೆಯೋ?

ಆ ದಿನ ಕೂಟದಲ್ಲಿ ಬಾಯಿ ತೆರೆಯದೆ ಕುಳಿತಿದ್ದವರು ಮಲ್ಲೇಶ್ವರದ ನನ್ನ ಮಿತ್ರರೊಬ್ಬರು. ಸರ್ಕಾರದ ಲೆಕ್ಕ ತಪಾಸಣೆಯಲ್ಲಿ ಜೀವ ಸವೆಸಿ ನಿವೃತ್ತರಾದವರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, “ಇದು ಯುದ್ಧದ ಪುಸ್ತಕವಲ್ಲ ಸ್ವಾಮಿ, ಉಗ್ರಾಣದ ಪುಸ್ತಕ. ಯಾರೂ ಅದನ್ನು ಹಾಗೆ ಓದಲೇ ಇಲ್ಲವಲ್ಲ!” ಎಂದರು. ಮನೆಗೆ ಬಂದು ಮತ್ತೊಮ್ಮೆ ಓದಿದೆ. ಅವರ ಮಾತು ಸರಿ. ಪುಸ್ತಕದಲ್ಲಿ ಇಂದಿಗೂ ಕೈ ನಡುಗಿಸುವ ಪುಟಗಳೆಂದರೆ ಎಣಿಕೆಯ ಪುಟಗಳೇ. ಸಿಪಾಯಿಯೊಬ್ಬನಿಗೆ 50 ತೋಟಾ. ಕೈಯಲ್ಲಿದ್ದದ್ದು ಮೊದಲ ಮಹಾಯುದ್ಧದ ಕಾಲದ ಮಾದರಿಯ .303 ಲೀ-ಎನ್‌ಫೀಲ್ಡ್ ರೈಫಲು. ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳಬೇಕು. ಎದುರಿನವರ ಬಳಿ ಸ್ವಯಂಚಾಲಿತ ಆಯುಧ. ಹಿಮ ಬೀಳುವ ಹೊತ್ತಿಗೆ ಮೈಮೇಲೆ ಹತ್ತಿಬಟ್ಟೆಯ ಸಮವಸ್ತ್ರ. ವಿಮಾನದಿಂದ 14,000 ಅಡಿಗೂ ಮೇಲಿನ ತ್ಸಾಂಗ್‌ಧರ್ ಬಯಲಿಗೆ ಎಸೆದ ಸಾಮಾನಿನಲ್ಲಿ ಎಷ್ಟೋ ಪಾಲು ಕಮರಿ ಸೇರಿತು. ಬಿದ್ದದ್ದನ್ನು ಹೆಕ್ಕಿ ತರಲು ಕಾಲಾಳುಗಳೇ ಕೂಲಿಗಳಾದರು. ದಳವಿಯವರು ಹಿಂದೆ ಲಡಾಖಿನ ಕಡೆ ಸರಬರಾಜು ಆಡಳಿತದ ಹೊಣೆ ಹೊತ್ತಿದ್ದವರು. ಎಣಿಸುವುದು ಅವರಿಗೆ ಗೊತ್ತು. ಎಣಿಸುವಾಗ ಅವರ ವಾಕ್ಯ ಚಿಕ್ಕದಾಗುತ್ತದೆ, ವಿಶೇಷಣಗಳು ಉದುರಿಹೋಗುತ್ತವೆ. ದೆಹಲಿಯ ಕಡೆ ತಿರುಗಿದೊಡನೆ ವಾಕ್ಯ ಉದ್ದವಾಗುತ್ತದೆ, ಉಪಮಾನಗಳು ಬರುತ್ತವೆ, ಓದುಗನಿಗೆ ಆವೇಶ ಬರುತ್ತದೆ. ನಾವು ನೆನಪಿನಲ್ಲಿ ಇಟ್ಟುಕೊಂಡದ್ದು ಈ ಎರಡನೆಯ ದಳವಿಯನ್ನು.

ಇನ್ನು ಮಾತಿನ ವಿಚಾರ. ಥಾಗ್ ಲಾ ಏಣಿನಿಂದ ಚೀನೀಯರನ್ನು ಹೊರಹಾಕುವ ಕೆಲಸಕ್ಕೆ ಇಟ್ಟ ಹೆಸರು ‘ಆಪರೇಷನ್ ಲೆಗ್‌ಹಾರ್ನ್’. ಲೆಗ್‌ಹಾರ್ನ್ ಎಂದರೆ ಕೋಳಿಯ ಒಂದು ಜಾತಿ; ಹೆಸರಿಟ್ಟವರ ಮನಸ್ಸಿನಲ್ಲಿ ಏನಿತ್ತೋ! ಆದರೆ ಕಡತಗಳಲ್ಲಿ ಮತ್ತೆ ಮತ್ತೆ ಬಂದ ಪದ ‘ತೆರವುಗೊಳಿಸುವುದು’ ಎಂಬರ್ಥದ್ದು. ಗಾಂಧಿ ಬಜಾರಿನ ಕಾಲುದಾರಿಯಿಂದ ಹೂವಿನವರನ್ನು ಎಬ್ಬಿಸುವಾಗ ನಗರಸಭೆಯವರು ಬಳಸುವ ಪದವೂ ಅದೇ. ಬಾಡಿಗೆ ಕೊಡದವನನ್ನು ಅಮೀನ ಬಂದು ಹೊರಹಾಕುವಾಗಲೂ ಅದೇ. ಈ ಮಾತನ್ನು ಒಪ್ಪಿಕೊಂಡೊಡನೆ ಆಯುಧದ ಪ್ರಶ್ನೆ ಹಿಂದೆ ಸರಿಯುತ್ತದೆ. ತೆರವು ಮಾಡಿಸಲು ಲಾಠಿ ಸಾಕಲ್ಲವೆ? ಗಡಿಯ ಮುಂಚೂಣಿ ಠಾಣೆಗಳನ್ನು ನೆಟ್ಟ ನೀತಿಯೂ ಒಂದು ಬಗೆಯ ಪೊಲೀಸು ಕಾವಲಿನ ಕಲ್ಪನೆಯಿಂದ ಬಂದದ್ದು. ಯುದ್ಧವೆಂದು ಕರೆದಿದ್ದರೆ ಯಾರಾದರೂ ತೋಟಾ ಎಣಿಸುತ್ತಿದ್ದರು.

1962ರ ಸೆಪ್ಟೆಂಬರ್ 22ರ ಸಭೆಯನ್ನು ನೋಡಿ. ಪ್ರಧಾನಿ ವಿದೇಶ ಪ್ರವಾಸದಲ್ಲಿ, ರಕ್ಷಣಾ ಮಂತ್ರಿ ನ್ಯೂಯಾರ್ಕಿನಲ್ಲಿ. ಸಭೆಯನ್ನು ನಡೆಸಿದವರು ಕಿರಿಯ ಮಂತ್ರಿ ರಘುರಾಮಯ್ಯ. ಭೂಸೇನೆಯ ಮುಖ್ಯಸ್ಥ ಜನರಲ್ ಥಾಪರ್ ತಮಗಿದ್ದ ಅಳುಕನ್ನು ಹೇಳಿದರು: ಇಲ್ಲಿ ಕೈಯಿಟ್ಟರೆ ಲಡಾಖಿನಲ್ಲಿ ಚೀನೀಯರು ಸೇಡು ತೀರಿಸಿಕೊಂಡಾರು. ವಿದೇಶಾಂಗ ಕಾರ್ಯದರ್ಶಿ ಆ ಭಯವನ್ನು ತಗ್ಗಿಸಿದರು. ಆಗ ಥಾಪರ್ ಕೇಳಿದ್ದು ಒಂದೇ, ಆಜ್ಞೆ ಲಿಖಿತವಾಗಿ ಬೇಕೆಂದು. ರಕ್ಷಣಾ ಇಲಾಖೆಯ ಜಂಟಿ ಕಾರ್ಯದರ್ಶಿಯೊಬ್ಬರ ರುಜುವಿನೊಂದಿಗೆ ಕಾಗದ ಬಂದಿತು. ದೇಶದ ದಂಡು ಒಬ್ಬ ಜಂಟಿ ಕಾರ್ಯದರ್ಶಿಯ ರುಜುವಿನ ಮೇಲೆ ಹಿಮಾಲಯ ಹತ್ತಿತು. ಈ ಪ್ರಸಂಗವನ್ನು ಓದುವವರು ಆ ರುಜುವನ್ನು ಕಂಡು ನಗುತ್ತಾರೆ. ನನಗೆ ನಗೆ ಬರುವುದಿಲ್ಲ. ಥಾಪರರು ಕಾಗದ ಕೇಳಿದ್ದು ತಮ್ಮ ರಕ್ಷಣೆಗೆ. ಕಾಗದ ಕೇಳುವ ಬದಲು ಒಂದು ಕಾಗದ ಕೊಡಬಹುದಿತ್ತು: ಇಷ್ಟು ಕೋವಿ, ಇಷ್ಟು ಫಿರಂಗಿ, ಇಷ್ಟು ದಿನದ ಅನ್ನ, ಇಷ್ಟರಿಂದ ಈ ಕೆಲಸ ಆಗದು ಎಂಬ ಕಾಗದ.

ಅಂಥ ಕಾಗದವನ್ನು ಕೊಟ್ಟವರು ಒಬ್ಬರಿದ್ದರು, 33ನೆಯ ಕೋರಿನ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್. ದಳವಿಯವರೂ ಡಿವಿಷನ್ನಿನ ಮೇಜರ್ ಜನರಲ್ ನಿರಂಜನ್ ಪ್ರಸಾದರೂ ಕೂಡಿ ಹಾಕಿದ ಲೆಕ್ಕವನ್ನು ಆಧರಿಸಿ, ಥಾಗ್ ಲಾ ಹತ್ತಬೇಕಾದರೆ ಮೊದಲು ನೂರಾರು ಟನ್ ಮದ್ದುಗುಂಡು, ಸಾಮಗ್ರಿ, ಫಿರಂಗಿ ಆ ಬೆಟ್ಟದ ನೆತ್ತಿಗೆ ಬಂದಿರಬೇಕು ಎಂದು ಅವರು ಬರೆದರು. ಅದರಲ್ಲಿ ಬೈಗುಳವಿರಲಿಲ್ಲ, ರಾಜೀನಾಮೆಯ ಬೆದರಿಕೆಯೂ ಇರಲಿಲ್ಲ. ಆ ಲೆಕ್ಕಕ್ಕೆ ದೊರೆತ ಉತ್ತರವೆಂದರೆ ನೇಫಾದ ಹೊಣೆಯನ್ನೇ ಅವರಿಂದ ತೆಗೆದು, ಅಕ್ಟೋಬರ್ 4ರಂದು ಹೊಸದಾಗಿ ಹುಟ್ಟಿಸಿದ 4ನೆಯ ಕೋರಿಗೆ ಕೌಲರನ್ನು ತಂದು ಕೂರಿಸಿದ್ದು. ಅಕ್ಟೋಬರ್ 10ರಂದು ಕೌಲರೇ ತಮ್ಮ ಕಣ್ಣಾರೆ ಹೊಳೆಯಾಚೆಯ ದಾಳಿಯನ್ನು ಕಂಡರು. ಮರುದಿನ ರಾತ್ರಿ ಪ್ರಧಾನಿಯ ಮನೆಯಲ್ಲಿ ಸಭೆ ಸೇರಿತು. ಆ ರಾತ್ರಿ ಯಾರು ಏನೆಂದರೆಂಬುದರಲ್ಲಿ ಅಲ್ಲಿದ್ದವರ ನೆನಪುಗಳು ಒಂದಕ್ಕೊಂದು ಕೂಡಿಬರುವುದಿಲ್ಲ. ಬಾಯಿಮಾತಿನ ಗತಿಯೇ ಅದು.

ಈ ಸಂದರ್ಭದಲ್ಲಿ ನನಗೆ ಉದ್ಯೋಗಪರ್ವದ ಒಂದು ಪ್ರಕರಣ ನೆನಪಾಗದೆ ಇರದು. ಯುದ್ಧ ನಿಶ್ಚಯವಾದ ಮೇಲೆ ದುರ್ಯೋಧನನು ಭೀಷ್ಮನನ್ನು ಎರಡೂ ಕಡೆಯ ಬಲಾಬಲ ಹೇಳೆಂದು ಕೇಳುತ್ತಾನೆ. ಮುದುಕ ಕುಳಿತು ಎಣಿಸುತ್ತಾನೆ: ಇವನು ರಥ, ಇವನು ಅತಿರಥ. ಪಾಂಡವರ ಕಡೆಯವರನ್ನೂ ಮುಚ್ಚಿಡದೆ ಎಣಿಸುತ್ತಾನೆ. ದಂಡನಾಯಕನು ದೊರೆಗೆ ಕೊಡಬೇಕಾದ ಲೆಕ್ಕ ಹೀಗೆಯೇ ಇರಬೇಕು. ಆದರೆ ಕರ್ಣನ ಹೆಸರು ಬಂದಾಗ ನಾಲಗೆ ಜಾರುತ್ತದೆ, ಅವನನ್ನು ಅರ್ಧರಥನೆಂದುಬಿಡುತ್ತಾನೆ. ಶಾಪ, ಕವಚಕುಂಡಲ ಎಂದು ಕಾರಣ ಕೊಟ್ಟರೂ ಹಳೆಯ ಅಸಹನೆ ಅದರಲ್ಲಿ ಬೆರೆತಿರುವುದು ಯಾರಿಗೂ ತಿಳಿಯುತ್ತದೆ. ಫಲವೇನು? ಭೀಷ್ಮ ಬೀಳುವವರೆಗೆ ಆಯುಧ ಹಿಡಿಯೆನೆಂದು ಕರ್ಣ ಎದ್ದುಹೋದ. ಹತ್ತು ದಿನ ಕೌರವನ ದಂಡು ಅವನಿಲ್ಲದೆ ಕಾದಿತು. ಎಲ್ಲಕ್ಕಿಂತ ಮುಖ್ಯವಾಗಿ, ಅಷ್ಟು ನಿಷ್ಠುರವಾದ ಎಣಿಕೆಯಲ್ಲಿ ಸಭೆಗೆ ನೆನಪಿನಲ್ಲಿ ಉಳಿದದ್ದು ಆ ಒಂದು ಮಾತು ಮಾತ್ರ. ಪಂಪನಲ್ಲಿಯೂ ನಾವು ಸವಿಯುವುದು ಕರ್ಣನು ಹಿರಿಯರೊಡನೆ ಆಡಿದ ಜಗಳವನ್ನೇ. ಲೆಕ್ಕದಲ್ಲಿ ವ್ಯಕ್ತಿದ್ವೇಷ ಒಂದು ತೊಟ್ಟು ಬೆರೆತರೆ ಸಾಕು, ಕೇಳುವವನಿಗೆ ಲೆಕ್ಕವನ್ನೇ ತಳ್ಳಿಹಾಕಲು ನೆಪ ಸಿಕ್ಕುತ್ತದೆ.

ಜನರಲ್ ತಿಮ್ಮಯ್ಯನವರ 1959ರ ಪ್ರಕರಣವನ್ನು ಈ ಬೆಳಕಿನಲ್ಲಿ ನೋಡಬೇಕು. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ನಮ್ಮವರು. ಮಡಿಕೇರಿಯಲ್ಲಿ ಹುಟ್ಟಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಓದಿದವರು. ಕೋವಿಯನ್ನು ಮನೆಯ ಮಗನಂತೆ ಕಾಣುವ ನಾಡು ಕೊಡಗು. ಕೈಲ್ ಮುಹೂರ್ತದಂದು ಅದಕ್ಕೆ ಹೂ ಮುಡಿಸಿ ಪೂಜೆ. ಆಯುಧವೆಂದರೆ ಏನು, ಅದು ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಅಲ್ಲಿಯ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1948ರ ನವೆಂಬರಿನಲ್ಲಿ 11,000 ಅಡಿಗೂ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಗುಟ್ಟಾಗಿ ಹತ್ತಿಸಿ ಶತ್ರುವನ್ನು ಬೆರಗುಗೊಳಿಸಿದವರು ಇದೇ ತಿಮ್ಮಯ್ಯ. 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಸ್ವಯಂಚಾಲಿತ ರೈಫಲನ್ನು ಸೇನೆಗೆ ಒದಗಿಸಬೇಕೆಂದು ಅವರು ಕೇಳಿದ್ದರೆಂದೂ, ಅದು ನೇಟೋ ಬಳಗದ ಆಯುಧವೆಂದು ಮೆನನ್ ಒಪ್ಪಲಿಲ್ಲವೆಂದೂ ಆ ಕಾಲದ ವೃತ್ತಾಂತಗಳು ಹೇಳುತ್ತವೆ. 1959ರ ಆಗಸ್ಟ್ 25ರಂದು ಲಾಂಗ್ಜುವಿನಲ್ಲಿ ಗುಂಡು ಹಾರಿತು. ಆರು ದಿನಗಳ ಮೇಲೆ, ಆಗಸ್ಟ್ 31ರಂದು, ತಿಮ್ಮಯ್ಯನವರು ರಾಜೀನಾಮೆ ಕೊಟ್ಟರು. ನೆಹರೂ ಕರೆದು ಮನವೊಲಿಸಿದರು. ಪತ್ರ ಹಿಂದಕ್ಕೆ ಬಂದಿತು. ಸೆಪ್ಟೆಂಬರ್ 2ರಂದು ಲೋಕಸಭೆಯಲ್ಲಿ ಪ್ರಧಾನಿಯವರು, ವಿಷಯ ಕ್ಷುಲ್ಲಕವಾದುದು, ಸ್ವಭಾವಗಳ ಘರ್ಷಣೆಯಿಂದ ಹುಟ್ಟಿದ್ದು ಎಂಬ ಧಾಟಿಯಲ್ಲಿ ಮಾತನಾಡಿ ಮುಗಿಸಿದರು.

ಕೊಡಗಿನ ಅಭಿಮಾನಿಗಳು ನನ್ನ ಮೇಲೆ ಮುನಿಸಿಕೊಳ್ಳಬಾರದು. ಹಾಗೆ ಮುಗಿಸಲು ಸಾಧ್ಯವಾದದ್ದು ಹೇಗೆ ಎಂದು ಕೇಳಬೇಕಾಗಿದೆ. ರಾಜೀನಾಮೆಯ ಸುತ್ತ ಬಡ್ತಿಯ ಮಾತು ಇತ್ತು, ಕೌಲರಂಥವರನ್ನು ಮೇಲೇರಿಸಿದ ಅಸಮಾಧಾನವಿತ್ತು, ಮಂತ್ರಿಯ ನಾಲಗೆಯ ಕಹಿಯಿತ್ತು. ಇವೆಲ್ಲ ನ್ಯಾಯವಾದ ದೂರುಗಳೇ. ಆದರೆ ರೈಫಲಿನ ಪ್ರಶ್ನೆ ಈ ದೂರುಗಳ ಹೊಟ್ಟೆಯಲ್ಲಿ ಅಡಗಿಹೋಯಿತು. ಸಿಪಾಯಿಯ ಕೈಯಲ್ಲಿ ಏನಿದೆ ಎಂದು ಲೋಕಸಭೆ ಕೇಳಬೇಕಾಗಿದ್ದ ದಿನ, ಯಾರ ಮೇಲೆ ಯಾರಿಗೆ ಕೋಪ ಎಂದು ಕೇಳಿ ಸುಮ್ಮನಾಯಿತು. ಅರ್ಧರಥನೆಂಬ ಮಾತೇ ಉಳಿಯಿತು.

ನೆಹರೂ ಅವರ ಕಡೆಯಿಂದಲೂ ಒಂದು ಮಾತು ಹೇಳಬೇಕು. ನಮ್ಮ ಕೂಟದಲ್ಲಿ ಯಾರೂ ಹೇಳಲಿಲ್ಲ. 1958ರ ಅಕ್ಟೋಬರಿನಲ್ಲಿ ನೆರೆಯ ಪಾಕಿಸ್ತಾನದಲ್ಲಿ ಸೇನೆ ಅಧಿಕಾರ ಹಿಡಿದು ಹನ್ನೊಂದು ತಿಂಗಳೂ ತುಂಬಿರಲಿಲ್ಲ. ಸೇನಾಪತಿಯ ರಾಜೀನಾಮೆಗೆ ಮಂತ್ರಿಯನ್ನು ಬಲಿ ಕೊಟ್ಟಿದ್ದರೆ ಮುಂದಿನ ಸೇನಾಪತಿ ಏನು ಕೇಳುತ್ತಿದ್ದ? ಬಸವನಗುಡಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ ಡಿ.ವಿ.ಜಿ.ಯವರಿಂದ ರಾಜ್ಯಶಾಸ್ತ್ರದ ಮೊದಲ ಪಾಠ ಕಲಿತ ನಮ್ಮಂಥವರಿಗೆ, ದಂಡಿನ ಮೇಲೆ ಪ್ರಜೆಗಳ ಸರ್ಕಾರದ ಅಧಿಕಾರ ಎಂಬುದು ಚೌಕಾಸಿಗೆ ಬರುವ ವಿಷಯವಲ್ಲ. ಮೆನನ್ನರ ಸ್ವದೇಶಿ ಹಟವೂ ತಳ್ಳಿಹಾಕತಕ್ಕದ್ದಲ್ಲ. 1961ರ ಜೂನ್ 17ರಂದು ಇದೇ ಬೆಂಗಳೂರಿನ ಆಕಾಶದಲ್ಲಿ ಎಚ್.ಎ.ಎಲ್.ನವರ ಮಾರುತ ಯುದ್ಧವಿಮಾನ ಮೊದಲು ಹಾರಿದ್ದು ಅವರ ಕಾಲದಲ್ಲಿ. ಊರಿನ ತಲೆಯ ಮೇಲೆ ಜೆಟ್ ವಿಮಾನ, ಗಡಿಯ ಸಿಪಾಯಿಯ ಕೈಯಲ್ಲಿ ಬೋಲ್ಟ್ ರೈಫಲು! ತಿಮ್ಮಯ್ಯನವರೂ ಮೆನನ್ನರೂ ಜಗಳವಾಡದೆ ಒಂದು ಮೇಜಿನ ಮುಂದೆ ಕುಳಿತು ಈ ಎರಡು ಸಾಲುಗಳನ್ನು ಒಂದೇ ಹಾಳೆಯ ಮೇಲೆ ಬರೆದಿದ್ದರೆ ಎಂದು ಆಸೆಯಾಗುತ್ತದೆ. ನಿರ್ಧಾರ ಮಂತ್ರಿಯದು. ಅದನ್ನು ಸೇನಾನಿ ಕಸಿಯಬಾರದು. ಲೆಕ್ಕ ಸೇನಾನಿಯದು. ಅದನ್ನು ಮಂತ್ರಿ ತಿದ್ದಬಾರದು, ಮುಚ್ಚಿಡಲೂ ಬಾರದು.

ಮುಚ್ಚಿಟ್ಟದ್ದಕ್ಕೆ ಸಾಕ್ಷಿ ಇನ್ನೊಂದು ಪುಸ್ತಕದಲ್ಲಿದೆ. ನೆರೆಯ ಕೊಲ್ಲಾಪುರ ಸೀಮೆಯ ಲೆಫ್ಟಿನೆಂಟ್ ಜನರಲ್ ಥೋರಾಟರು 1959ರ ಅಕ್ಟೋಬರಿನಲ್ಲಿ, ಪೂರ್ವ ವಿಭಾಗದ ಅಧಿಪತಿಯಾಗಿ, ಗಡಿಯ ರಕ್ಷಣೆಗೆ ಎಷ್ಟು ಬಲ ಬೇಕು, ಎಲ್ಲಿ ನಿಂತು ಕಾದಬೇಕು ಎಂದು ಒಂದು ವರದಿ ಬರೆದರು. ತಿಮ್ಮಯ್ಯನವರು ಒಪ್ಪಿ ಮಂತ್ರಿಗೆ ತೋರಿಸಿದರು, ಮಂತ್ರಿ ಬದಿಗಿರಿಸಿದರು. ಸೋಲಿನ ಮೇಲೆ ಪ್ರಧಾನಿ ಥೋರಾಟರನ್ನು ಕರೆಸಿದರಂತೆ. ಆ ವರದಿಯನ್ನು ನೋಡಿ, ತಮಗೇಕೆ ಇದನ್ನು ತೋರಿಸಲಿಲ್ಲವೆಂದು ಕೇಳಿದರಂತೆ. 1986ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಥೋರಾಟರು ಇದನ್ನು ಸಿಟ್ಟಿಲ್ಲದೆ ಹೇಳುತ್ತಾರೆ. ಆ ಪ್ರಶ್ನೆಯ ಮುಂದೆ ದಳವಿಯವರ ಎಷ್ಟೋ ಪುಟಗಳ ಗುಡುಗು ನನಗೆ ಸಪ್ಪೆಯೆನಿಸುತ್ತದೆ. ಇವರಿಬ್ಬರ ಪಕ್ಕದಲ್ಲಿ ಕೌಲರ 1967ರ ಪುಸ್ತಕವನ್ನಿಟ್ಟರೆ ಅದರ ಬಣ್ಣ ಬೇಗ ಬಿಡುತ್ತದೆ. ಆಯುಧಗಳ ಕೊರತೆಯನ್ನು ತಾವೂ ಹೇಳಿದ್ದೆವೆಂದು ಅವರು ವಾದಿಸುತ್ತಾರೆ. ಪ್ರತಿ ಪುಟದಲ್ಲಿಯೂ ‘ನಾನು’ ಎಷ್ಟು ದೊಡ್ಡದಾಗಿ ನಿಂತಿದೆಯೆಂದರೆ ಸಂಖ್ಯೆಗಳಿಗೆ ಜಾಗವೇ ಇಲ್ಲ.

ಅಷ್ಟರಲ್ಲಿ ತಿಮ್ಮಯ್ಯನವರು ನಿವೃತ್ತರಾಗಿದ್ದರು. 1962ರ ಜುಲೈ ತಿಂಗಳ ‘ಸೆಮಿನಾರ್’ ಪತ್ರಿಕೆಗೆ ಅವರೊಂದು ಪುಟ್ಟ ಲೇಖನ ಬರೆದರು. ಚೀನದೊಡನೆ ನಾವು ಒಂಟಿಯಾಗಿ ಬಹಿರಂಗ ಯುದ್ಧಕ್ಕಿಳಿಯುವುದನ್ನು ಸೈನಿಕನಾಗಿ ತಾವು ಕಲ್ಪಿಸಿಕೊಳ್ಳಲಾರೆವು. ಜನ, ಸಾಮಗ್ರಿ, ವಿಮಾನಗಳಲ್ಲಿ ಅವರ ಬಲ ನಮಗಿಂತ ಎಷ್ಟೋ ಪಟ್ಟು ಹೆಚ್ಚು. ಆದ್ದರಿಂದ ನಮ್ಮನ್ನು ಕಾಯುವುದು ರಾಜಕಾರಣಿಗಳ, ರಾಯಭಾರಿಗಳ ಕೆಲಸ ಎಂದು ಅದರ ತಾತ್ಪರ್ಯ. ವೀರರ ನಾಡಿನ ವೀರನೊಬ್ಬನ ಲೇಖನಿಯಿಂದ ಇಂಥ ಮಾತು! ಇದರಲ್ಲಿ ಮೆನನ್ನರ ಮೇಲೆ ದೂರಿಲ್ಲ, ಬಡ್ತಿಯ ಪ್ರಸ್ತಾಪವಿಲ್ಲ. ತಮ್ಮ ವೃತ್ತಿಯ ಹೆಮ್ಮೆಯನ್ನೇ ಪಕ್ಕಕ್ಕಿಟ್ಟು ಎಣಿಸಿದ್ದಾರೆ. 1959ರ ರಾಜೀನಾಮೆಗಿಂತ ಇದು ದೊಡ್ಡ ಧೈರ್ಯವೆಂದು ನನ್ನ ಮತ. ಅಕ್ಟೋಬರಿಗೆ ಇನ್ನು ಮೂರು ತಿಂಗಳಿತ್ತು. ಆದರೆ ಅಧಿಕಾರದ ಕುರ್ಚಿಯಿಂದ ಎದ್ದುಬಂದವನ ಕಾಗದ ಯಾರ ಮೇಜಿಗೂ ಹೋಗುವುದಿಲ್ಲ.

ಆಮೇಲಿನ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1999ರಲ್ಲಿ ಕಾರ್ಗಿಲ್ ಯುದ್ಧದ ನಡುವೆ ಸೇನಾಪತಿ ಮಲಿಕ್, ಇರುವ ಸಾಮಗ್ರಿಯಿಂದಲೇ ಕಾದುವೆವೆಂದರು. ಜನ ಅದನ್ನು ಶೌರ್ಯವೆಂದು ಮೆಚ್ಚಿದರು. ಅದರೊಳಗಿದ್ದ ದೂರು ಎಷ್ಟು ಮಂದಿಗೆ ಕೇಳಿಸಿತೋ! 2012ರ ಮಾರ್ಚಿನಲ್ಲಿ ಸೇನಾಪತಿ ವಿ. ಕೆ. ಸಿಂಗ್ ಪ್ರಧಾನಿ ಮನಮೋಹನ ಸಿಂಗರಿಗೆ ಬರೆದ ಪತ್ರ ಪತ್ರಿಕೆಗಳಿಗೆ ಸೋರಿತು. ಟ್ಯಾಂಕುಗಳಿಗೆ ಮದ್ದುಗುಂಡಿಲ್ಲ, ವಾಯುರಕ್ಷಣೆಯ ಸಾಮಗ್ರಿ ಬಹುಪಾಲು ಹಳತಾಗಿದೆ ಎಂದು ಅದರಲ್ಲಿತ್ತು. ಆದರೆ ಅದೇ ಸೇನಾಪತಿ ತಮ್ಮ ವಯಸ್ಸಿನ ದಾಖಲೆಯ ವಿಚಾರದಲ್ಲಿ ಸರ್ಕಾರದೊಡನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದ ಸಮಯ ಅದು. ದೇಶ ಒಂದು ವಾರ ಚರ್ಚಿಸಿದ್ದು ಪತ್ರವನ್ನು ಸೋರಿಸಿದವರು ಯಾರೆಂದು. ಮದ್ದುಗುಂಡಿನ ಮಾತು ಮತ್ತೆ ಹಿಂದಾಯಿತು. 1962ರ ಸೋಲನ್ನು ವಿಚಾರಿಸಿದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅವರ 1963ರ ವರದಿಯನ್ನು ಸರ್ಕಾರ ಇಂದಿಗೂ ಪ್ರಕಟಿಸಿಲ್ಲ. 2014ರಲ್ಲಿ ಅದರ ಒಂದು ಭಾಗವನ್ನು ಹೊರಗಿಟ್ಟವರು ನೆವಿಲ್ ಮ್ಯಾಕ್ಸ್‌ವೆಲ್ ಎಂಬ ಪರದೇಶದ ಪತ್ರಕರ್ತರು. ಕಾರ್ಗಿಲ್ ವಿಮರ್ಶಾ ಸಮಿತಿಯ ವರದಿ 2000ದಲ್ಲಿ, ಕೆಲವು ಭಾಗಗಳನ್ನು ಬಿಟ್ಟು, ಅಚ್ಚಾಗಿ ಬಂದಿತು. ಅಷ್ಟರ ಮಟ್ಟಿಗೆ ಕಾಲ ಮುಂದೆ ಬಂದಿದೆ ಎನ್ನಬೇಕು.

ಕನ್ನಡದ ‘ಹಿಮಾಲಯನ್ ಬ್ಲಂಡರ್’ ಇನ್ನೂ ಎಷ್ಟೋ ಕಾಲ ಓದಿಸಿಕೊಳ್ಳುತ್ತದೆ. ಮುಂದಿನ ಮುದ್ರಣವನ್ನು ಹೊರತರುವವರಿಗೆ ನನ್ನದೊಂದು ಬಿನ್ನಹ. ನಮ್ಕಾ ಚು ಕಣಿವೆಯ ಒಂದು ಅಚ್ಚುಕಟ್ಟಾದ ನಕ್ಷೆ ಹಾಕಲಿ. ಎರಡೂ ಕಡೆಯ ಸಿಪಾಯಿಯ ಕೈಯಲ್ಲಿದ್ದ ಆಯುಧಗಳ ಪಟ್ಟಿಯನ್ನು ಅದರ ಎದುರು ಪುಟದಲ್ಲಿ ಕೊಡಲಿ. ಮತ್ತು ಅಪ್ಪಣೆ ಪಡೆದು, ತಿಮ್ಮಯ್ಯನವರ ಆ ಜುಲೈ ಲೇಖನವನ್ನು ಕನ್ನಡಿಸಿ ದಳವಿಯವರ ಮೊದಲ ಅಧ್ಯಾಯಕ್ಕೂ ಮುಂಚೆ ಅಚ್ಚು ಹಾಕಲಿ. ಒಂದು ಮಧ್ಯಾಹ್ನದ ಕೆಲಸ. ಪುಸ್ತಕದ ಬೆಲೆ ಅದರಿಂದ ನಾಲ್ಕು ರೂಪಾಯಿಯೂ ಹೆಚ್ಚಲಾರದು.